ಸಿಮ್ಯುಲೇಟರ್‌ನಲ್ಲಿ ಮುನ್ನೂರು ತಾಸು, ಲಾಗ್‌ಬುಕ್‌ನಲ್ಲಿ ಸೊನ್ನೆ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆ. ಮಾಳಿಗೆಯ ಕೋಣೆಯಲ್ಲಿ ಎರಡು ವರ್ಷ ಎಕ್ಸ್-ಪ್ಲೇನ್ ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಸಿಮ್ಯುಲೇಟರ್ ಮುಂದೆ ಕೂತು ಮುನ್ನೂರು ತಾಸು ಹಾರಿಸಿದ್ದೆ. ಯೋಕ್ (ಕೈಯಲ್ಲಿ ಹಿಡಿದು ವಿಮಾನ ನಡೆಸುವ ಹಿಡಿಕೆ), ಕಾಲಲ್ಲಿ ಒತ್ತುವ ರಡರ್ ಪೆಡಲ್ ಎಲ್ಲ ಇತ್ತು. "ಬರೇ ಆಟಾ ಆಡಕೋತ ಕುಂತಿರ್ತಾನ ನೋಡ್ರಿ" ಅಂತ ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಪೈಲಟ್ ತರಬೇತಿಗೆ ಸೇರಿ, ಬೆಳಗಾವಿ ವಿಮಾನ ನಿಲ್ದಾಣವಿರುವ ಸಾಂಬ್ರಾದಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಹತ್ತಿದ ದಿನ ಶುರುವಾತು ಚೆನ್ನಾಗಿಯೇ ಆಯಿತು. ಚೆಕ್‌ಲಿಸ್ಟ್ ಬಾಯಿಪಾಠ. 55 ನಾಟ್‌ಗೆ ಮೂಗು ಎತ್ತಿದೆ, 74ಕ್ಕೆ ಹಿಡಿದು ಏರಿಸಿದೆ. ಮೇಲೆ ಹೋಗಿ ಸಮ ಮಾಡುವಾಗ ಪಕ್ಕದಲ್ಲಿದ್ದ ಧಾರವಾಡ ಕಡೆಯ ಇನ್‌ಸ್ಟ್ರಕ್ಟರ್ ಸರ್ ತಮ್ಮ ಟೊಪ್ಪಿಗೆ ತೆಗೆದು ಮೀಟರ್‌ಗಳ ಮೇಲೆ ಹೊದಿಸಿಬಿಟ್ಟರು. "ಹೊರಗ ನೋಡ್ ತಮ್ಮಾ. ಒಳಗೇನೈತಿ?"

ಐದು ನಿಮಿಷದಲ್ಲಿ 300 ಅಡಿ ಮೇಲೆ-ಕೆಳಗೆ ಆಡಿದೆ. ಮನೆಯಲ್ಲಿ ಪರದೆ ಚಿಕ್ಕದು, ದಿಗಂತಕ್ಕಿಂತ ಮೀಟರ್ ಸ್ಪಷ್ಟ, ಹಾಗಾಗಿ ಕಣ್ಣು ಅಲ್ಲೇ ನೆಟ್ಟು ರೂಢಿಯಾಗಿತ್ತು. ಎಂಜಿನ್ ಮುಚ್ಚಳದ ಮೇಲೆ ದಿಗಂತ ಎಷ್ಟು ಬೆರಳು ಎತ್ತರಕ್ಕಿದೆ ಎಂದು ನೋಡಿ ಹಾರಿಸುವುದು ಕಲಿಯಲು ಆರೇಳು ಸಾರ್ಟಿ (ತರಬೇತಿ ಹಾರಾಟ) ಹಿಡಿಯಿತು. ಏನೂ ಗೊತ್ತಿಲ್ಲದೆ ಬಂದ ನನ್ನ ಬ್ಯಾಚ್‌ಮೇಟ್ ಎರಡನೆಯದರಲ್ಲೇ ಕಲಿತಿದ್ದ.

ಯೋಕ್‌ನ ಒತ್ತಡ ಇಳಿಸುವ ಟ್ರಿಮ್‌ದು ಇನ್ನೊಂದು ಕತೆ. ನಿಜವಾದ ವಿಮಾನದಲ್ಲಿ ಯೋಕ್ ಕೈಯನ್ನು ಒತ್ತುತ್ತದೆ. ಟ್ರಿಮ್ ಚಕ್ರ ತಿರುಗಿಸಿದಂತೆ ಆ ಒತ್ತಡ ಕರಗಿ, ಕೈಬಿಟ್ಟರೂ ಮೂಗು ಇದ್ದಲ್ಲೇ ಇರುತ್ತದೆ. ನನ್ನ ಮನೆಯ ಯೋಕ್‌ನಲ್ಲಿ ಇರುವುದು ಸ್ಪ್ರಿಂಗ್. ಅದು ಯಾವಾಗಲೂ ನಡುವಿಗೇ ಎಳೆಯುತ್ತದೆ, ಹಾಗಾಗಿ ಟ್ರಿಮ್ ಅಲ್ಲಿ ಬರೀ ಒಂದು ಬಟನ್. ಇಳಿಯುವಾಗ ಕೊನೆಯ ಹತ್ತು ಅಡಿಯ ಅಂದಾಜೂ ಹಾಗೇ: ಅದು ಬರುವುದು ಕಣ್ಣಂಚಿನಲ್ಲಿ ಏರಿಬರುವ ನೆಲದಿಂದ. ಒಂದೇ ಮಾನಿಟರ್‌ನಲ್ಲಿ ಅದೆಲ್ಲಿ ಕಾಣಬೇಕು?

ಲೆಕ್ಕದ ವಿಷಯ ಬಂದರೆ ಸಿಮ್ ಸುಳ್ಳು ಹೇಳುವುದಿಲ್ಲ. ಸಾಂಬ್ರಾ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿಗೆ ವಿಮಾನಕ್ಕದು 5,500 ಅಡಿ ಎತ್ತರದ ತೆಳು ಗಾಳಿ. ಮನೆಯಲ್ಲಿ ತಾಪಮಾನ ಏರಿಸಿ, ರನ್‌ವೇ ಮೇಲೆ ಓಟ ಎಷ್ಟು ಉದ್ದವಾಗುತ್ತದೆ ಎಂದು ನೋಡಿಟ್ಟುಕೊಂಡಿದ್ದೆ. ಬೇಸಿಗೆಯಲ್ಲಿ ವಿಮಾನ ಏಳಲು ತಡ ಮಾಡಿದಾಗ ಎದೆ ಝಲ್ ಎನ್ನಲಿಲ್ಲ.

ಹುಬ್ಬಳ್ಳಿಗೆ ಕ್ರಾಸ್‌ಕಂಟ್ರಿ, ಅಂದರೆ ಬೇರೆ ಊರಿಗೆ ದಾರಿ ಹಿಡಿದು ಹಾರುವುದು, ಇದ್ದ ಹಿಂದಿನ ರಾತ್ರಿಯೂ ಸಿಮ್ ಕೆಲಸಕ್ಕೆ ಬಂತು. ಆಗ್ನೇಯಕ್ಕೆ ಸುಮಾರು 40 ನಾಟಿಕಲ್ ಮೈಲಿ. ದಾರಿಯಲ್ಲಿ ಮಲಪ್ರಭಾ, ಬಲಗಡೆ ಹೆದ್ದಾರಿ, ಕಿತ್ತೂರು. ಯಾವಾಗ ಯಾರಿಗೆ ಏನು ಹೇಳಬೇಕೆಂಬ ರೇಡಿಯೋ ಮಾತನ್ನೂ ಜೋರಾಗಿ ಹೇಳಿಕೊಂಡಿದ್ದೆ. ಮನೆಯವರಿಗೆ ನಿದ್ದೆ ಇಲ್ಲ.

ಕಮರ್ಷಿಯಲ್ ಲೈಸೆನ್ಸ್‌ಗೆ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೇಳುವುದು 200 ತಾಸು ಹಾರಾಟ. ಮಾನ್ಯತೆ ಪಡೆದ ಸಿಮ್ಯುಲೇಟರ್‌ನ ಕೆಲವೇ ತಾಸು ಅದರ ಲೆಕ್ಕಕ್ಕೆ ಬರುತ್ತವೆ. ಮಾಳಿಗೆಯದು ಒಂದು ನಿಮಿಷವೂ ಇಲ್ಲ.

ಈಗಲೂ ಸಿಮ್ ಬಿಟ್ಟಿಲ್ಲ. ಆದರೆ ಯಾರದೋ ಮದುವೆ ಪತ್ರಿಕೆಯ ದಪ್ಪ ರಟ್ಟು ಕತ್ತರಿಸಿ ಪರದೆಯ ಕೆಳಗಿನ ಅರ್ಧಕ್ಕೆ, ಮೀಟರ್‌ಗಳ ಮೇಲೆ, ಅಂಟಿಸಿದ್ದೇನೆ. ವಿಓಆರ್, ಅಂದರೆ ನೆಲದ ರೇಡಿಯೋ ಕೇಂದ್ರದ ಸಂಕೇತವನ್ನು ಮೀಟರ್‌ನಲ್ಲಿ ನೋಡಿ ದಾರಿ ಹಿಡಿಯುವುದರ ಅಭ್ಯಾಸಕ್ಕೆ ಕೂತಾಗ ಮಾತ್ರ ಕೀಳುತ್ತೇನೆ.