ಬ್ರೆಸ್ಟ್ ಪಂಪ್ ಬೇಕಾ? ಮೊದಲು ಗಂಟೆ ಲೆಕ್ಕ ಹಾಕಿ

ಬಾಣಂತನ ಮುಗಿಸಿ ತವರಿನಿಂದ ಹೊರಡುವ ಹೊತ್ತಿಗೆ ಈಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಎದೆಹಾಲು ತೆಗೆಯುವ ಬ್ರೆಸ್ಟ್ ಪಂಪ್ ತಗೊಳ್ಳಬೇಕಾ? ಹಾಸನದ ದೊಡ್ಡ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲಂತೂ ಸಾಲುಸಾಲು. ದುಡ್ಡು ಕೊಡುವ ಮೊದಲು, ನೀವು ಮತ್ತು ಮಗು ದಿನಕ್ಕೆ ಎಷ್ಟು ಗಂಟೆ ದೂರ ಇರುತ್ತೀರಿ ಅಂತ ಲೆಕ್ಕ ಹಾಕಿ. ಹೆಚ್ಚಿನವರಿಗೆ ಉತ್ತರ ಅಲ್ಲೇ ಸಿಗುತ್ತದೆ.

‘ಹಾಲು ಸಾಲುತ್ತಿಲ್ಲ’ ಎಂಬ ಭಯಕ್ಕೆ ಕೊಳ್ಳಬೇಡಿ

ಪಂಪ್ ಕೊಳ್ಳುವವರಲ್ಲಿ ಅನೇಕರಿಗೆ ಇರುವುದು ಈ ಭಯ. ಮಗು ಅತ್ತರೆ ಸಾಕು, ಮನೆಗೆ ಬಂದವರೆಲ್ಲ ‘ಹಾಲು ಕಮ್ಮಿ ಇರಬೇಕು’ ಅನ್ನುತ್ತಾರೆ. ಆಗ ನೋಡಬೇಕಾದ್ದು ಮಗುವನ್ನು. ಹೊಸ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುವುದು ಸಹಜ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಸುಮಾರು ಎರಡು ವಾರಕ್ಕೆ ಹುಟ್ಟಿದಾಗಿನ ತೂಕ ಮರಳಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ತೂಕ ಹಾಕಿಕೊಡಲು ಹೇಳಿ. ಇದೆಲ್ಲ ಸರಿಯಿದ್ದರೆ ಹಾಲು ಸಾಲುತ್ತಿದೆ. ಸರಿಯಿಲ್ಲದಿದ್ದರೆ ಡಾಕ್ಟರ್ ಅಥವಾ ನರ್ಸ್ ಮುಂದೆ ಹಾಲು ಕುಡಿಸಿ ತೋರಿಸಿ. ಎಷ್ಟೋ ಸಲ ಮಗು ಬಾಯಿ ಇಡುವ ರೀತಿ ಸರಿಮಾಡಿದರೆ ಸಾಕಾಗುತ್ತದೆ.

ಪಂಪಿನಲ್ಲಿ ಬಂದಷ್ಟೇ ಎದೆಯಲ್ಲಿ ಹಾಲಿದೆ ಎಂದುಕೊಳ್ಳಬೇಡಿ. ಚೆನ್ನಾಗಿ ಚೀಪುವ ಮಗು ಪಂಪಿಗಿಂತ ಜಾಸ್ತಿ ಹಾಲು ಎಳೆಯುತ್ತದೆ. ಬಾಟಲಿಯ ತಳದಲ್ಲಿ ಸ್ವಲ್ಪವೇ ಹಾಲು ಕಂಡು ಅತ್ತ ತಾಯಂದಿರು ಎಷ್ಟೋ ಜನ. ಆ ಸಂಕಟ ಯಾರಿಗೂ ಬೇಡ.

ಈಗ ಗಂಟೆ ಲೆಕ್ಕ

ಸಂತೆಗೆ, ಮದುವೆಗೆ, ಬ್ಯಾಂಕಿಗೆ ಅಂತ ಎರಡು ಗಂಟೆ ಹೊರಗೆ ಹೋಗುವವರಿಗೆ ಪಂಪ್ ಬೇಡ. ಹೊರಡುವಾಗ ಒಮ್ಮೆ, ಬಂದ ಕೂಡಲೇ ಒಮ್ಮೆ ಕುಡಿಸಿ.

ಚನ್ನರಾಯಪಟ್ಟಣದಲ್ಲಿ ಮನೆ, ಹಾಸನದಲ್ಲಿ ಕೆಲಸ ಅಂದರೆ ಬಸ್ಸಿನ ಹೊತ್ತೂ ಸೇರಿ ಹತ್ತು ಗಂಟೆ ಆಗಿಬಿಡುತ್ತದೆ. ಇಂಥವರು ಕೆಲಸದ ಜಾಗದಲ್ಲಿ ಎರಡು ಮೂರು ಸಲ ಹಾಲು ತೆಗೆಯಬೇಕಾಗುತ್ತದೆ. ಇಲ್ಲದಿದ್ದರೆ ಎದೆ ಬಿಗಿದು ಗಂಟು ಕಟ್ಟುತ್ತದೆ, ಕ್ರಮೇಣ ಹಾಲೂ ಕಡಿಮೆಯಾಗುತ್ತದೆ. ಇವರಿಗೆ ಪಂಪ್ ನಿಜಕ್ಕೂ ಉಪಯೋಗ.

ಆದರೂ ಕೊಳ್ಳುವ ಮೊದಲು ನಿಮ್ಮ ಹಕ್ಕು ಕೇಳಿ. ಕಾನೂನು ಅನ್ವಯಿಸುವ ಖಾಸಗಿ ಸಂಸ್ಥೆಗಳಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಅದರಲ್ಲಿ ಹೆರಿಗೆಗೆ ಮೊದಲು 8 ವಾರದವರೆಗೆ ತೆಗೆದುಕೊಳ್ಳಬಹುದು. ಆರೋಗ್ಯ ಒಪ್ಪಿದರೆ ಹೆಚ್ಚು ರಜೆ ಹೆರಿಗೆ ಆದಮೇಲೆ ಉಳಿಸಿಕೊಳ್ಳಿ. ನೀವು ಕೆಲಸಕ್ಕೆ ಮರಳುವಾಗ ಮಗುವಿಗೆ ಆರು ತಿಂಗಳು ಹತ್ತಿರವಾಗಿರುತ್ತದೆ, ರಾಗಿ ಸರಿ ಶುರುವಾಗುತ್ತದೆ, ತೆಗೆದಿಡಬೇಕಾದ ಹಾಲೂ ಕಡಿಮೆಯಾಗುತ್ತದೆ. ಮಗುವಿಗೆ 15 ತಿಂಗಳು ಆಗುವವರೆಗೆ ಹಾಲು ಕುಡಿಸಲು ತಾಯಿಗೆ ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಗಾರ್ಮೆಂಟ್ಸ್ ಆಗಲಿ, ಮೂಡಿಗೆರೆ ಸಕಲೇಶಪುರದ ದೊಡ್ಡ ಎಸ್ಟೇಟ್ ಆಗಲಿ, ಮಗು ಪಕ್ಕದಲ್ಲೇ ಇದ್ದರೆ ಪಂಪಿಗಿಂತ ಅದೇ ಒಳ್ಳೆಯದು.

ಒಂದು ಸಂದರ್ಭದಲ್ಲಿ ಮಾತ್ರ ಕಾಯಬೇಡಿ

ತಿಂಗಳು ತುಂಬದೆ ಹುಟ್ಟಿ ಮಗು ಐಸಿಯುನಲ್ಲಿದ್ದರೆ, ಚೀಪಲು ಶಕ್ತಿ ಇಲ್ಲದಿದ್ದರೆ, ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಾಲು ತೆಗೆಯಲು ಶುರುಮಾಡಬೇಕು. ದಿನಕ್ಕೆ ಎಂಟು ಸಲವಾದರೂ ಬೇಕು, ರಾತ್ರಿಯೂ ಸೇರಿ. ಗಿಣ್ಣುಹಾಲಿನ ಕೆಲವೇ ಹನಿಗೆ ಕೈಯೇ ಸರಿ. ಆಮೇಲೆ ಎರಡೂ ಕಡೆ ಒಟ್ಟಿಗೆ ಎಳೆಯುವ ಕರೆಂಟ್ ಪಂಪ್ ತುಂಬಾ ನೆರವಾಗುತ್ತದೆ. ಆಸ್ಪತ್ರೆಯಲ್ಲೇ ಇದೆಯಾ ಅಂತ ನರ್ಸ್ ಹತ್ತಿರ ಮೊದಲು ಕೇಳಿ.

ಕೈಯಿಂದ ತೆಗೆಯಲು ಕಲಿಯಿರಿ

ಎದೆ ಬಿಗಿದಾಗ, ಅಪರೂಪಕ್ಕೊಮ್ಮೆ ಹೊರಗೆ ಹೋಗುವಾಗ ಇಷ್ಟೇ ಸಾಕು. ಸೋಪಿನಲ್ಲಿ ಕೈ ತೊಳೆಯಿರಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನ ಹತ್ತಿರ ಇಡಿ. ಮೊದಲು ಎದೆಗೂಡಿನ ಕಡೆಗೆ ಹಿಂದಕ್ಕೆ ಒತ್ತಿ. ಆಮೇಲೆ ಎರಡು ಬೆರಳನ್ನೂ ಹತ್ತಿರ ತಂದು ಅದುಮಿ, ಬಿಡಿ. ಹೀಗೇ ಲಯವಾಗಿ ಮಾಡಿ. ತೊಟ್ಟನ್ನು ಎಳೆಯಬೇಡಿ, ಚರ್ಮ ಉಜ್ಜಬೇಡಿ. ಮೊದಲು ಹನಿಹನಿ, ಸ್ವಲ್ಪ ಹೊತ್ತಿಗೆ ಧಾರೆ. ಎದೆ ಕೆಂಪಾಗಿ ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ, ಆದರೆ ಕುಡಿಸುವುದನ್ನು ನಿಲ್ಲಿಸಬೇಡಿ.

ಕೊಳ್ಳುವುದೇ ಆದರೆ

ವಾರಕ್ಕೆ ಒಂದೆರಡು ಸಲಕ್ಕೆ ಕೈಯಲ್ಲಿ ಅದುಮುವ ಪಂಪ್ ಸಾಕು. ದಿನಾ ಬೇಕಾದವರಿಗೆ ಕರೆಂಟಿನದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಚಾರ್ಜ್ ಆಗುವ ಬ್ಯಾಟರಿ ಇರಲಿ. ಎದೆಗೆ ಇಡುವ ಕೊಳವೆ ಅಳತೆಗೆ ಸರಿಯಾಗಿರಬೇಕು, ನೋವಾದರೆ ಅಳತೆ ತಪ್ಪಿದೆ ಅಥವಾ ಎಳೆತ ಜಾಸ್ತಿಯಾಗಿದೆ. ಇನ್ನೊಬ್ಬರು ಬಳಸಿದ ಪಂಪ್ ಬೇಡ. ಎಷ್ಟೋ ಪಂಪುಗಳಲ್ಲಿ ಹಾಲು ಮೋಟಾರಿನವರೆಗೂ ಹೋಗಬಹುದು, ಅಲ್ಲಿ ತೊಳೆಯಲಾಗುವುದಿಲ್ಲ.

ತೆಗೆದ ಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ ಇರುತ್ತದೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಹಾಸನದ ಏಪ್ರಿಲ್ ಮಧ್ಯಾಹ್ನಕ್ಕೆ ಹೊರಗೆ ಇಡಲೇಬೇಡಿ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಕುದಿಸಬೇಡಿ. ಮಗು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲ ಚೆಲ್ಲಬೇಕು.

ಕುಡಿಸಲು ಬಾಟಲಿಗಿಂತ ಮೂತಿ ಇರುವ ನಮ್ಮ ಪುಟ್ಟ ಬಟ್ಟಲು, ಒಳಲೆಯೇ ಮೇಲು, ಕುದಿಸಿ ಶುಚಿ ಮಾಡುವುದು ಸುಲಭ. ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ ಅಜ್ಜಿಯೋ ಅಪ್ಪನೋ ಕುಡಿಸಿ ರೂಢಿ ಮಾಡಿಸಲಿ. ಆಗ ನೀವು ಬೇರೆ ಕೋಣೆಯಲ್ಲಿರಿ. ನೀವು ಕಣ್ಣೆದುರು ಇದ್ದರೆ ಮಗು ಒಳಲೆಗೆ ಸುಲಭವಾಗಿ ಒಪ್ಪುವುದಿಲ್ಲ.