ಮೊದಲು ಹಕ್ಕುಪತ್ರ, ಆಮೇಲೆ ರಸ್ತೆ, ಮನೆ, ಬಸ್ಸು

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗೆ ಗೆದ್ದು ಬಂದಾಗ ನಾನಿನ್ನೂ ಆಗಷ್ಟೇ ಡಿಗ್ರಿ ಮುಗಿಸಿದ್ದೆ. ಹೊಸನಗರ ತಾಲ್ಲೂಕಿನ ನಮ್ಮ ವಾರ್ಡಿನಲ್ಲಿ ಕಾಡಿನಂಚಿಗೆ ಹಸಲರೆಂಬ ಬುಡಕಟ್ಟಿನವರ ಒಂದು ಕೇರಿ ಇದೆ. ಅವರು ಕೇಳಿದ್ದು ಸೋರದ ಮನೆ, ಮಳೆಗಾಲದಲ್ಲೂ ಗಾಡಿ ಬರುವ ರಸ್ತೆ, ಮಕ್ಕಳಿಗೆ ಹೈಸ್ಕೂಲಿಗೆ ಹೋಗಲು ಬಸ್ಸು. ಯಾವ ಕಚೇರಿಗೆ ಹೋದರೂ ಬರುತ್ತಿದ್ದ ಉತ್ತರ ಒಂದೇ: ‘ಜಾಗ ಅರಣ್ಯದ್ದು.’ ಹಾಗಾಗಿ ಜಾಗದ ಪ್ರಶ್ನೆಯಿಂದಲೇ ಶುರು ಮಾಡಿದೆ.

ಕಂದಾಯ ಭೂಮಿಯಲ್ಲಿ ಕಟ್ಟಿಕೊಂಡ ಮನೆಗಾದರೆ ಭೂ ಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮ ಮಾಡಿಸುವ ದಾರಿ ಇದೆ. ಅರಣ್ಯದಲ್ಲಿ ಅದು ನಡೆಯುವುದಿಲ್ಲ. ಅಲ್ಲಿಗೆ 2006ರ ಅರಣ್ಯ ಹಕ್ಕು ಕಾಯ್ದೆಯೇ ಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದರೆ ಸಾಕು. 75 ವರ್ಷದ ವಾಸ ತೋರಿಸಬೇಕಾದವರು ಉಳಿದವರು. ಹಸಲರು ಪರಿಶಿಷ್ಟ ಪಂಗಡದವರು. ಆದರೂ ಅವರ ಹಳೇ ಅರ್ಜಿಗಳ ಮೇಲೆ ‘75 ವರ್ಷದ ದಾಖಲೆ ಇಲ್ಲ’ ಎಂದು ಷರಾ ಬರೆದಿದ್ದರು. ಆ ಒಂದು ಸಾಲಿನಿಂದ ಎಷ್ಟೋ ಮನೆಗಳ ಅರ್ಜಿ ಮೂಲೆ ಸೇರಿತ್ತು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಸಾಕ್ಷ್ಯಕ್ಕೆ ಸರ್ಕಾರಿ ಕಾಗದವೇ ಆಗಬೇಕೆಂದಿಲ್ಲ. ಹಿರಿಯರ ಹೇಳಿಕೆಯನ್ನು ಬರೆದುಕೊಳ್ಳಬಹುದು. ಬಾವಿ, ಸ್ಮಶಾನ, ದೈವದ ಬನವೂ ಲೆಕ್ಕಕ್ಕೆ ಬರುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಬೇಕು, ಅಷ್ಟೆ. ಕೇರಿಯ ಹಿರಿಯಜ್ಜಿ ನನ್ನ ಕೈ ಹಿಡಿದು ಬಾವಿಕಟ್ಟೆಗೆ ಕರೆದುಕೊಂಡು ಹೋದರು. ‘ತಂಗೀ, ಇದು ನನ್ನಪ್ಪ ತೋಡಿದ್ದು. ಕಲ್ಲು ಹೊತ್ತಿದ್ದು ನನ್ನವ್ವ’ ಅಂದರು. ಪಾಚಿ ಕೆರೆದು ನೋಡಿದರೆ ಒಳಗೋಡೆ ಪೂರಾ ಹಳೇ ಜಂಬಿಟ್ಟಿಗೆ ಕಲ್ಲು. ಅರಣ್ಯ ಹಕ್ಕು ಸಮಿತಿಯವರನ್ನು ನಿಲ್ಲಿಸಿ ಮಹಜರು ಬರೆಸಿದೆವು, ಫೋಟೊ ತೆಗೆದೆವು, ಅಜ್ಜಿಯ ಹೇಳಿಕೆಗೆ ಹೆಬ್ಬೆಟ್ಟು ಹಾಕಿಸಿದೆವು.

ಅರ್ಜಿಗೆ ಗ್ರಾಮಸಭೆಯ ಒಪ್ಪಿಗೆ ಬೇಕು. ಆ ಸಭೆಗೆ ಅರ್ಧದಷ್ಟು ಜನ ಸೇರಬೇಕು, ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಹಗಲು ಸಭೆ ಕರೆದರೆ ಯಾರು ಬರುತ್ತಾರೆ? ಸುಲಿಯೋ ಕೆಲಸ ಮುಗಿಸಿ ಬಂದವರಿಗೆ ಸಂಜೆ ಕೇರಿಯಲ್ಲೇ ಸಭೆ ಇಟ್ಟೆವು. ಅರ್ಜಿಗೆ ‘ಆಗಲ್ಲ’ ಅಂದ ಅಧಿಕಾರಿಗಳ ಹತ್ತಿರ ಕಾರಣವನ್ನು ಬರಹದಲ್ಲೇ ಕೇಳಿದೆವು. ಬಾಯಿಮಾತಿನ ನಿರಾಕರಣೆಯನ್ನು ನಾನು ಒಪ್ಪಿಕೊಳ್ಳಲೇ ಇಲ್ಲ. ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ ದಾಟಿ ಹಕ್ಕುಪತ್ರ ಬಂತು.

ರಸ್ತೆಗೆ ಅದೇ ಕಾಯ್ದೆಯ ಸೆಕ್ಷನ್ 3(2) ಕೈಹಿಡಿಯಿತು. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆಯಂಥ 13 ಬಗೆಯ ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಬೇಕು. ಮಂಜೂರಾತಿ ಡಿಎಫ್‌ಒ (ವಿಭಾಗೀಯ ಅರಣ್ಯಾಧಿಕಾರಿ) ಹಂತದಲ್ಲೇ ಆಗುತ್ತದೆ. 3.75 ಮೀಟರ್ ಅಗಲದ ರಸ್ತೆಯಾದರೆ ಎರಡೂವರೆ ಕಿಲೋಮೀಟರ್‌ವರೆಗೂ ಈ ಮಿತಿಯೊಳಗೇ ಬರುತ್ತದೆ. ಎಷ್ಟು ಊರುಗಳಿಗೆ ಇದು ಸಾಕು, ಯೋಚನೆ ಮಾಡಿ! (ಅಭಯಾರಣ್ಯದೊಳಗಿನ ಊರುಗಳ ಕಥೆ ಬೇರೆ.) ನಮ್ಮ ರಸ್ತೆಯ ತಿರುವಿನಲ್ಲೊಂದು ದೊಡ್ಡ ಹೆಬ್ಬಲಸಿನ ಮರ ಇತ್ತು. ಇಂಜಿನಿಯರ್ ಗೆರೆ ಅದರ ಮೇಲೇ ಹೋಗಿತ್ತು. ಕೇರಿಯವರೇ ಹಳೇ ಕಾಲುದಾರಿ ತೋರಿಸಿ ಗೆರೆಯನ್ನು ಪಕ್ಕಕ್ಕೆ ಸರಿಸಿದರು. ಕಾಡು ಉಳಿಸೋದು ಹೇಗೆ ಅಂತ ಅವರಿಗೆ ನಾವು ಹೇಳಿಕೊಡಬೇಕಿಲ್ಲ.

ರಸ್ತೆ ಆದ ಮೇಲೆ ಕಲ್ಲು, ಮರಳಿನ ಲಾರಿ ಒಳಗೆ ಬಂತು. ಸರ್ಕಾರ ಮನೆಗೆ ಕೊಡುವ ಹಣ ಕಂತಿನಲ್ಲಿ ಬರುತ್ತದೆ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ ಆಗಬೇಕು. ಮೇ ತಿಂಗಳಲ್ಲಿ ತಳಪಾಯ ತೆಗೆದರೆ ಜೂನ್ ಮಳೆಗೆ ಗುಂಡಿ ಕೆರೆಯಾಗುತ್ತದೆ. ದೀಪಾವಳಿ ಕಳೆದ ಕೂಡಲೇ ಶುರು ಮಾಡಿಸಿ, ಮಳೆಗೆ ಮುಂಚೆ ಮಾಡು ಹೊದಿಸಿದೆವು.

ಬಸ್ಸಿನ ಕೆಲಸ ಅರ್ಧ ಆಗಿದೆ. ಖಾಸಗಿ ಬಸ್ಸಿನವರು ಶಾಲೆ ಸಮಯಕ್ಕೆ ಒಂದು ಟ್ರಿಪ್ ಒಳಗೆ ಬರಲು ಒಪ್ಪಿದ್ದಾರೆ. ತಿರುಗಿಸಲು ಜಾಗ ಮಾಡಿಕೊಟ್ಟಿದ್ದೇವೆ. ಆದರೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಖಾಸಗಿ ಬಸ್ಸಿಗಿಲ್ಲ, ನಮ್ಮ ಹೆಂಗಸರು ಈಗಲೂ ದುಡ್ಡು ಕೊಟ್ಟೇ ಓಡಾಡುತ್ತಾರೆ. ಸರ್ಕಾರಿ ಬಸ್ಸು ಬಿಡಿ ಅಂತ ಕೊಟ್ಟ ಮನವಿಗೆ ಕೇರಿಯ ಹೆಂಗಸರೆಲ್ಲ ಸಹಿ ಹಾಕಿದ್ದಾರೆ. ಅದರ ಬೆನ್ನು ಬಿದ್ದಿದ್ದೇನೆ.