ಒಂದು ಸೆಕೆಂಡಿನ ಪೋರ್ಟ್ರೇಟ್: ಕೆಂಪು ಜಾಡು, ಫ್ಲ್ಯಾಶಿನ ಮುಖ

ಪಕ್ಕಕ್ಕೆ ತಿರುಗಿದ ಕೆಂಪು ಮುಖ, ಅದರಿಂದ ಜಾರಿ ಬಂದಂತೆ ಕ್ಯಾಮೆರಾ ನೋಡುವ ಸ್ಪಷ್ಟ ಮುಖ, ಎರಡೂ ಒಂದೇ ಫ್ರೇಮಿನಲ್ಲಿ. ಇದಕ್ಕೆ ನಾನು ಬಳಸುವುದು ಒಂದು ಎಲ್‌ಇಡಿ, ಒಂದು ಸ್ಟುಡಿಯೋ ಫ್ಲ್ಯಾಶ್, ಎಲ್‌ಇಡಿಗೆ ಹೊದಿಸಲು ಕೆಂಪು ಜೆಲ್ ಹಾಳೆ (ಬಣ್ಣದ ಪಾರದರ್ಶಕ ಹಾಳೆ). ಕೆಂಪು ಜಾಡು ಎಲ್‌ಇಡಿಯದು, ಸ್ಪಷ್ಟ ಮುಖ ಫ್ಲ್ಯಾಶಿನದು.

ಕೂತವರ ಹಿಂದೆ ಎರಡು ಮೀಟರ್ ದೂರದಲ್ಲಿ ಕಪ್ಪು ಬಟ್ಟೆ. ಬೂದು ಗೋಡೆ ಬೇಡ: ಮುಖ ಸರಿದ ಮೇಲೆ ಆ ಜಾಗದಲ್ಲಿ ಗೋಡೆಯೂ ಎಕ್ಸ್‌ಪೋಸ್ ಆಗಿ ಕೆಂಪು ಪೇಲವವಾಗುತ್ತದೆ. ಟ್ಯೂಬ್‌ಲೈಟ್, ಫ್ಲ್ಯಾಶಿನೊಳಗೆ ಸದಾ ಉರಿಯುವ ಮಾಡೆಲಿಂಗ್ ಲ್ಯಾಂಪ್ ಎರಡನ್ನೂ ಆರಿಸುತ್ತೇನೆ. ಟ್ರೈಪಾಡ್, ಐಎಸ್‌ಒ (ಸೆನ್ಸರಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಂಡಿ) ಎಫ್/8, ಶಟರ್ 1 ಸೆಕೆಂಡ್. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಿಸುವ ಬಣ್ಣದ ಹೊಂದಾಣಿಕೆ) 5500 ಕೆಲ್ವಿನ್‌ಗೆ ಲಾಕ್. ಆಟೋಗೆ ಬಿಟ್ಟರೆ ಫ್ರೇಮಿಂದ ಫ್ರೇಮಿಗೆ ಬಣ್ಣ ಬದಲಾಗುತ್ತದೆ. ಮುಖ ಕೊನೆಗೆ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಟಾರ್ಚ್ ಬೆಳಕು ಹಾಯಿಸಿ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿಬಿಡಬೇಕು.

ಎರಡು ಬೆಳಕನ್ನೂ ಬೇರೆಬೇರೆಯಾಗಿ ಅಳೆಯುವುದೇ ಇಲ್ಲಿನ ಮುಖ್ಯ ಕೆಲಸ. ಮೊದಲು ಫ್ಲ್ಯಾಶ್ ಆರಿಸಿ ಎಲ್‌ಇಡಿ ಒಂದರಲ್ಲೇ ತೆಗೆಯುತ್ತೇನೆ. ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ಗ್ರಾಫಿನ) ಕೆಂಪು ಚಾನೆಲ್ ಬಲ ಅಂಚಿಗೆ ತಾಗಬಾರದು. ಸಾಮಾನ್ಯ ಹಿಸ್ಟೋಗ್ರಾಮ್ ಸರಿಯಿದೆ ಅಂದರೂ ಕೆಂಪು ಸುಟ್ಟಿರುತ್ತದೆ (ಅತಿಯಾಗಿ ವಿವರ ಅಳಿದಿರುತ್ತದೆ), ಕೆನ್ನೆ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಆಮೇಲೆ ಎಲ್‌ಇಡಿ ಆರಿಸಿ ಫ್ಲ್ಯಾಶ್ ಒಂದೇ. ಬಣ್ಣ ಹೆಚ್ಚುಕಡಿಮೆ ಬೇಕಾದರೆ ಎಲ್‌ಇಡಿಯನ್ನೇ ಹತ್ತಿರ-ದೂರ ಮಾಡಿ; ಶಟರ್ ಮುಟ್ಟಿದರೆ ತಿರುಗುವ ಸಮಯವೂ ಬದಲಾಗುತ್ತದೆ, ಅಪರ್ಚರ್ ಮುಟ್ಟಿದರೆ ಎರಡೂ ಕೆಡುತ್ತವೆ. ಒಂದು ಸೆಕೆಂಡಿಗೆ ಸಾಮಾನ್ಯ ಎಲ್‌ಇಡಿಯೂ ಅತಿಯಾಗುತ್ತದೆ. ಹಾಗಂತ 2–3 ಶೇಕಡಕ್ಕೆ ಇಳಿಸಬೇಡಿ: ಅಗ್ಗದ ದೀಪಗಳು ಬೆಳಕು ಕಡಿಮೆ ಮಾಡುವುದು ಮಿಣುಕಿಸಿಯೇ, ಆಗ ಝುಮಕಿಯ ಹೊಳಪು ಗೆರೆಯಾಗುವ ಬದಲು ಚುಕ್ಕೆಚುಕ್ಕೆಯಾಗಿ ಮೂಡುತ್ತದೆ.

ಎಲ್‌ಇಡಿ ಪಕ್ಕದಲ್ಲಿ, ತುಸು ಹಿಂದಕ್ಕೆ. ಮುಖ ಕ್ಯಾಮೆರಾ ಕಡೆ ತಿರುಗಿದ ಮೇಲೆ ಕೆಂಪು ಬೆಳಕು ಮೂಗು, ಬಾಯಿಗೆ ತಾಗದಂತೆ ಕಪ್ಪು ಕಾರ್ಡ್‌ಬೋರ್ಡ್ ಅಡ್ಡ ಇಡಬೇಕು. ಫ್ಲ್ಯಾಶಿಗೆ ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಜಾಲರಿ) ಹಾಕಿದ ಸ್ಟ್ರಿಪ್‌ಬಾಕ್ಸ್ (ಉದ್ದನೆಯ ಕಿರಿದಾದ ಸಾಫ್ಟ್‌ಬಾಕ್ಸ್), ಎದುರು ಪಕ್ಕದಿಂದ. ಗ್ರಿಡ್ ಇಲ್ಲದಿದ್ದರೆ ಬಿಳಿ ಬೆಳಕು ಕಪ್ಪು ಬಟ್ಟೆಯವರೆಗೂ ಚೆಲ್ಲಿ, ಅದರ ಮೇಲಿನ ಕೆಂಪೂ ಬಿಳಿಚಿಕೊಳ್ಳುತ್ತದೆ.

ಫ್ಲ್ಯಾಶನ್ನು ರಿಯರ್ ಕರ್ಟನ್‌ಗೆ ಹಾಕಿ; ಆಗ ಅದು ಶಟರ್ ಮುಚ್ಚುವ ಮುನ್ನ ಹೊಡೆಯುತ್ತದೆ. ಶಟರ್ ತೆರೆದಾಗ ಪಕ್ಕಕ್ಕೆ ಮುಖ ಮಾಡಿ ಅರ್ಧ ಸೆಕೆಂಡ್ ಅಲ್ಲಾಡದೆ ಇರಬೇಕು, ಆಮೇಲೆ ಸರಕ್ಕನೆ ತಿರುಗಿ ನಿಲ್ಲಬೇಕು. ಒಂದೇ ವೇಗದಲ್ಲಿ ತಿರುಗಿದರೆ ಮೂಗು, ತುಟಿ ಯಾವುದೂ ಗುರುತು ಸಿಗದೆ ಕೆಂಪು ಹೊಗೆ ಮಾತ್ರ ಉಳಿಯುತ್ತದೆ. "ಇರಿ... ತಿರುಗಿ" ಎಂದು ನಾನೇ ಹೇಳಿಕೊಡುತ್ತೇನೆ.

ಕೆಲವು ಕ್ಯಾಮೆರಾಗಳು ಬೇರೆ ಕಂಪನಿಯ ಟ್ರಿಗರ್ (ಫ್ಲ್ಯಾಶಿಗೆ ಸಂಕೇತ ಕಳಿಸುವ ಸಾಧನ) ಇದ್ದರೆ ರಿಯರ್ ಕರ್ಟನ್ ಕೊಡುವುದಿಲ್ಲ. ಆಗ ಫ್ಲ್ಯಾಶ್ ಶಟರ್ ತೆರೆದ ಕೂಡಲೇ ಹೊಡೆಯುವುದರಿಂದ ಎಲ್ಲ ತಿರುಗುಮುರುಗು: ಮೊದಲು ಕ್ಯಾಮೆರಾ ನೋಡುವುದು, ಫ್ಲ್ಯಾಶ್ ಹೊಡೆದ ತಕ್ಷಣ ಪಕ್ಕಕ್ಕೆ ತಿರುಗಿ ಹಾಗೇ ನಿಲ್ಲುವುದು. ಸ್ಥಿರಚಿತ್ರದಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಕೂದಲು ಹಾರುವ ದಿಕ್ಕೊಂದು ಬಿಟ್ಟು.

ನೀಲಿ ಜೆಲ್ ಹಾಕುವುದಾದರೆ ಈ ಲೆಕ್ಕ ನಡೆಯದು. ಗಾಢ ನೀಲಿ ಹಾಳೆ ಕೆಂಪಿಗಿಂತ ಹೆಚ್ಚು ಬೆಳಕು ನುಂಗುತ್ತದೆ, ನಮ್ಮ ಕಂದು ಚರ್ಮವೂ ನೀಲಿಯನ್ನು ಕಡಿಮೆ ಹಿಂದಿರುಗಿಸುತ್ತದೆ. ಎಲ್‌ಇಡಿಯನ್ನು ಒಂದೂವರೆ ಸ್ಟಾಪ್ (ಬೆಳಕು ಸುಮಾರು ಮೂರು ಪಟ್ಟು) ಏರಿಸಿ ಮೊದಲ ಟೆಸ್ಟ್ ತೆಗೆಯಿರಿ.